ಮುಖಗಳ ಹಬ್ಬ, ಮನೆಗಳ ಕಥೆ

ನಮ್ಮ ಹಳೇ ಮೈಸೂರಿನ ಕಡೆ ಬೆರಕೆ ಸೊಪ್ಪು ಎಂದರೆ ಯಾರಿಗೆ ಬೇಡ? ಹೊಲದ ಬದುವಿನಲ್ಲಿ ಸಿಕ್ಕ ನಾಲ್ಕಾರು ಬಗೆಯ ಸೊಪ್ಪನ್ನು ಒಟ್ಟಿಗೆ ಬೇಯಿಸಿ ಮಾಡಿದ ಸಾರಿಗೆ ಮುದ್ದೆ ಸೇರಿಬಿಟ್ಟರೆ ಅದಕ್ಕಿಂತ ರುಚಿ ಬೇರೆ ಇಲ್ಲ. ಆದರೆ ಅದೇ ‘ಬೆರಕೆ’ ಎಂಬ ಮಾತನ್ನು ಮನುಷ್ಯರಿಗೆ ಅಂದುನೋಡಿ, ಜಗಳವೇ ಆಗುತ್ತದೆ. ಇನ್ನೊಂದು ಮಾತು ‘ಸಂಕರ’. ಅದು ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿಯೇ ಅರ್ಜುನನ ಭಯವಾಗಿ ಬರುತ್ತದೆ. ಉಳಿದದ್ದು ‘ಮಿಶ್ರ’, ಅದು ಗೊಬ್ಬರದ ಚೀಲದ ಮೇಲೂ ಇರುತ್ತದೆ. ಎರಡು ಜನಾಂಗಗಳ ತಂದೆತಾಯಿಗೆ ಹುಟ್ಟಿದ ಮಗುವನ್ನು ಪ್ರೀತಿಯಿಂದ ಕರೆಯಲು ನಮ್ಮ ಬಳಕೆಯಲ್ಲಿ ಒಂದು ಮಾತೂ ಇಲ್ಲ. ಮಾತೇ ಇಲ್ಲದ ಕಡೆ ಹಬ್ಬ ಎಲ್ಲಿಂದ ಬರಬೇಕು?

ಅಮೆರಿಕದಲ್ಲಿ ಅಂಥ ಹಬ್ಬವಿದೆ. ಅದಕ್ಕೊಂದು ತಾರೀಖೂ ಇದೆ, ಜೂನ್ 12. ಬೇರೆ ಬೇರೆ ಜನಾಂಗದವರು ಮದುವೆಯಾಗುವುದನ್ನು ಅಪರಾಧವೆಂದು ಹೇಳುತ್ತಿದ್ದ ಕಾನೂನುಗಳನ್ನು ಆ ದೇಶದ ಸುಪ್ರೀಂ ಕೋರ್ಟು 1967ರಲ್ಲಿ ಅದೇ ದಿನ ರದ್ದುಮಾಡಿತು. ಒಂಬತ್ತು ನ್ಯಾಯಮೂರ್ತಿಗಳದೂ ಒಂದೇ ಅಭಿಪ್ರಾಯ. ಅಲ್ಲಿಯವರೆಗೆ 16 ರಾಜ್ಯಗಳಲ್ಲಿ ಅಂಥ ಕಾನೂನು ಇನ್ನೂ ಜೀವಂತವಾಗಿತ್ತು. ಮೊಕದ್ದಮೆ ಹೂಡಿದ ದಂಪತಿಗಳ ಮನೆತನದ ಹೆಸರೇ ಲವಿಂಗ್. ಆ ಹೆಸರಿನಲ್ಲಿಯೇ ‘ಲವಿಂಗ್ ಡೇ’ ಎಂಬ ಆಚರಣೆಯನ್ನು ಕೆನ್ ತನಾಬೆ ಎಂಬ ಯುವಕ 2004ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ. ಆತನ ತಂದೆ ಜಪಾನಿನವರು, ತಾಯಿ ಬೆಲ್ಜಿಯಂನವರು. ಲಾಸ್ ಏಂಜಲೀಸಿನಲ್ಲಿ 2008ರಿಂದ ‘ಮಿಕ್ಸ್ಡ್ ರೂಟ್ಸ್’ ಎಂಬ ಚಲನಚಿತ್ರ ಮತ್ತು ಸಾಹಿತ್ಯದ ಉತ್ಸವ ನಡೆಯಿತು. ಅದನ್ನು ನಡೆಸಿದ ಇಬ್ಬರಲ್ಲಿ ಒಬ್ಬರಾದ ಕಾದಂಬರಿಕಾರ್ತಿ ಹೈಡಿ ಡರೋ 2014ರಲ್ಲಿ ‘ಮಿಕ್ಸ್ಡ್ ರಿಮಿಕ್ಸ್ಡ್’ ಎಂಬ ಇನ್ನೊಂದನ್ನು ಶುರುಮಾಡಿದರು. ಸಿನಿಮಾ, ಕಥೆ-ಕವಿತೆಗಳ ಓದು, ರಂಗದ ಮೇಲಿನ ಆಟಪಾಟ, ಮಕ್ಕಳಿಗೂ ಒಂದಿಷ್ಟು ಚಟುವಟಿಕೆ ಸೇರಿದ ಹಬ್ಬ ಅದು.

ಈ ವಿಷಯದಲ್ಲಿ ನನಗೇಕೆ ಇಷ್ಟು ಆಸಕ್ತಿ ಎಂದು ಓದುಗರು ಕೇಳಬಹುದು. ನನ್ನ ಅಕ್ಕನ ಮಗಳು ಲಾಸ್ ಏಂಜಲೀಸಿನಲ್ಲಿದ್ದಾಳೆ. ಅವಳ ಗಂಡ ಕಪ್ಪು ಅಮೆರಿಕನ್. ಮದುವೆಯಾದ ಮೇಲೆ ಎರಡು ವರ್ಷ ನಮ್ಮ ಅಕ್ಕ ಮಗಳ ಜೊತೆ ಮಾತಾಡಲಿಲ್ಲ. ಆಮೇಲೆ ಮೊಮ್ಮಗ ಹುಟ್ಟಿದ. 2018ರ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಅವನಿಗೆ ನಾಲ್ಕು ವರ್ಷ. ಹಬ್ಬದ ಹೊತ್ತಿಗೆ ನಮ್ಮ ಶಾಲೆ ತೆರೆದುಬಿಡುತ್ತದಾದ್ದರಿಂದ ನಾನು ಜೂನ್ ತನಕ ನಿಲ್ಲುವಂತಿರಲಿಲ್ಲ. ಆದರೆ ಆ ಬಳಗದವರು ಮೆಚ್ಚುವ ಒಂದು ಚಿತ್ರಪ್ರದರ್ಶನವನ್ನು ನೋಡಿದೆ, ಪುಸ್ತಕಗಳನ್ನು ಓದಿದೆ, ಊರಿಗೆ ಬಂದ ಮೇಲೆ ಸಿನಿಮಾ ನೋಡಿದೆ. ಅವುಗಳ ಬಗ್ಗೆ ನನಗೆ ತೋಚಿದ ನಾಲ್ಕು ಮಾತು ಇವು.

ಮೊದಲು ಜಾಗದ ಮಾತು. ಈ ಉತ್ಸವಗಳು ನಡೆದದ್ದು ಲಾಸ್ ಏಂಜಲೀಸಿನ ಲಿಟಲ್ ಟೋಕಿಯೋದಲ್ಲಿರುವ ಜಪಾನಿ ಅಮೆರಿಕನ್ನರ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ. ಬೌದ್ಧ ದೇವಾಲಯವಾಗಿದ್ದ ಹಳೆಯ ಕಟ್ಟಡವೊಂದರಲ್ಲಿ ಅದು 1992ರಲ್ಲಿ ತೆರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸಿದಾಗ ಈ ಬೀದಿಯಿಂದಲೂ ಬಸ್ಸುಗಳು ಹೊರಟವು. ಮಾಂಜನಾರ್ ಎಂಬಲ್ಲಿನ ಶಿಬಿರದಲ್ಲಿ ಅನಾಥ ಮಕ್ಕಳಿಗಾಗಿಯೇ ಒಂದು ವಿಭಾಗವಿತ್ತು. ಒಟ್ಟು 101 ಮಕ್ಕಳು ಅಲ್ಲಿದ್ದರು. ಅವರಲ್ಲಿ ಕೆಲವರು ಅರೆ ಜಪಾನಿಗಳು. ತಾಯಿತಂದೆಯ ಮುಖವನ್ನೇ ನೋಡದ ಕೂಸನ್ನೂ ‘ನೀನು ಯಾರು?’ ಎಂದು ಸರ್ಕಾರ ಕೇಳಿತು. ಉತ್ತರವನ್ನೂ ತಾನೇ ಬರೆದುಕೊಂಡಿತು. ಇದೇ ನಗರದಲ್ಲಿ ಆಂಡ್ರಿಯಾ ಪೆರೆಜ್ ಮತ್ತು ಸಿಲ್ವೆಸ್ಟರ್ ಡೇವಿಸ್ ಎಂಬ ಜೋಡಿಗೆ ಮದುವೆಯ ಪರವಾನಗಿ ಕೊಡಲು ಗುಮಾಸ್ತರು ಒಪ್ಪಲಿಲ್ಲ. ಆಕೆ ಮೆಕ್ಸಿಕನ್ ಮೂಲದವಳು, ಕಾನೂನಿನ ಲೆಕ್ಕದಲ್ಲಿ ಬಿಳಿಯಳು; ಆತ ಕಪ್ಪು ಮನುಷ್ಯ. 1948ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಇಂಥ ನೆಲದ ಮೇಲೆ ಹಬ್ಬ ಮಾಡುವವರನ್ನು ಸುಮ್ಮನೆ ಮೋಜುಗಾರರೆಂದು ತಳ್ಳಿಹಾಕಲಾಗದು.

ಇನ್ನು ಚಿತ್ರಗಳಿಗೆ ಬರೋಣ. ಕಿಪ್ ಫುಲ್‌ಬೆಕ್ ಎಂಬ ಕಲಾವಿದ 2001ರಲ್ಲಿ ‘ಹಾಪಾ ಪ್ರಾಜೆಕ್ಟ್’ ಆರಂಭಿಸಿದ. ‘ಹಾಪಾ’ ಹವಾಯಿ ಭಾಷೆಯ ಮಾತು. ಭಾಗ, ಅರೆ ಎಂದು ಅರ್ಥ. ಏಷ್ಯಾ ಅಥವಾ ಪೆಸಿಫಿಕ್ ದ್ವೀಪಗಳ ರಕ್ತವೂ ಸೇರಿದ ಸಾವಿರಕ್ಕೂ ಹೆಚ್ಚು ಜನರ ಫೋಟೋ ತೆಗೆದ. ಎಲ್ಲ ಫೋಟೋಗಳೂ ಒಂದೇ ಬಗೆ: ಕತ್ತಿನ ಬುಡದಿಂದ ಮೇಲಕ್ಕೆ, ನೇರ ನೋಟ, ಬಟ್ಟೆಯಿಲ್ಲ, ಒಡವೆಯಿಲ್ಲ, ಬೇಕೆಂದು ತಂದುಕೊಂಡ ನಗುವಿಲ್ಲ. ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ, ‘ನೀನು ಯಾರು?’ ಉತ್ತರವನ್ನು ಅವರವರ ಕೈಬರಹದಲ್ಲಿಯೇ ಬರೆಸಿಕೊಂಡು ಚಿತ್ರದ ಜೊತೆಗೆ ಇಟ್ಟ. 2006ರಲ್ಲಿ ಇದು ಪುಸ್ತಕವಾಗಿ ಬಂತು, ಅದೇ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನವೂ ಆಯಿತು.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಆ ಕೈಬರಹ. ಒಬ್ಬರು ವಂಶವೃಕ್ಷವನ್ನೇ ಪಟ್ಟಿ ಮಾಡುತ್ತಾರೆ, ಇನ್ನೊಬ್ಬರು ತಮಾಷೆ ಮಾಡುತ್ತಾರೆ, ಮತ್ತೊಬ್ಬರು ಕೇಳಿದವರ ಮೇಲೆಯೇ ರೇಗುತ್ತಾರೆ. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದ ನನಗೆ ಇದರ ಬೆಲೆ ಗೊತ್ತು. ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಧರ್ಮ, ಜಾತಿ, ಉಪಜಾತಿ ಎಂದು ಕಲಮುಗಳಿವೆ. ಅಂತರ್ಜಾತಿ ಮದುವೆಯ ಮಕ್ಕಳಾದರೆ ಸಾಮಾನ್ಯವಾಗಿ ತಂದೆಯದನ್ನೇ ಬರೆಸುತ್ತಾರೆ. ಅಮ್ಮನ ಕಡೆಯದು ಅಲ್ಲಿಗೆ ಮುಗಿಯಿತು. ಜಾತಿ ಬೇರೆ, ಜನಾಂಗ ಬೇರೆ ಎಂಬುದು ನನಗೂ ತಿಳಿದಿದೆ. ಮೀಸಲಾತಿಯ ನ್ಯಾಯಕ್ಕೆ ಆ ಕಲಮು ಬೇಕೆಂಬುದನ್ನೂ ನಾನು ಒಪ್ಪುತ್ತೇನೆ. ಆದರೆ ಮಗುವಿನ ಪರವಾಗಿ ದೊಡ್ಡವರು ಉತ್ತರ ಬರೆಯುವುದು ಎರಡು ಕಡೆಯಲ್ಲೂ ಒಂದೇ. ಫುಲ್‌ಬೆಕ್ ಮಾಡಿದ್ದು ಇಷ್ಟೇ: ಪೆನ್ನನ್ನು ಗುಮಾಸ್ತನ ಕೈಯಿಂದ ತೆಗೆದು ಆ ಮನುಷ್ಯನ ಕೈಗೆ ಕೊಟ್ಟ.

ಹಾಗಿದ್ದರೂ ಪುಸ್ತಕದ ಪುಟ ತಿರುವುತ್ತ ಹೋದಂತೆ ನನಗೆ ಒಂದು ಕಸಿವಿಸಿಯಾಯಿತು. ಮುಖ, ಮತ್ತೆ ಮುಖ, ಮತ್ತೊಂದು ಮುಖ. ನೋಡುವವರು ಮಾಡುವುದೇನು? ಈ ಮೂಗು ಯಾರ ಕಡೆಯದು, ಆ ಕಣ್ಣು ಯಾವ ದೇಶದ್ದು ಎಂದು ಲೆಕ್ಕ ಹಾಕುತ್ತಾರೆ. ಯಾವ ಕುತೂಹಲವನ್ನು ನಾಚಿಸಬೇಕೆಂದು ಕಲಾವಿದ ಹೊರಟನೋ ಅದೇ ಕುತೂಹಲಕ್ಕೆ ಮೇವು ಸಿಕ್ಕಿದಂತಾಗುತ್ತದೆ. ಮುಖಗಳ ಹಿಂದೆ ಮನೆಯಿಲ್ಲ, ಅಡುಗೆಮನೆಯಿಲ್ಲ, ಅಜ್ಜಿಯಿಲ್ಲ, ಮಾತು ಬಿಟ್ಟ ಮಾವನಿಲ್ಲ. ಆ ಹೆಸರಿನ ಬಗ್ಗೆಯೂ ತಕರಾರಿದೆ. ತಮ್ಮ ನುಡಿಯ ಮಾತನ್ನು ಎತ್ತಿಕೊಂಡು ಏಷ್ಯನ್ನರೆಲ್ಲ ಬಳಸುತ್ತಿದ್ದಾರೆ ಎಂದು ಹವಾಯಿಯ ಮೂಲನಿವಾಸಿಗಳಲ್ಲಿ ಹಲವರು ಆಕ್ಷೇಪಿಸಿದ್ದಾರೆ. ತನ್ನದೇ ಹೆಸರು ಬೇಕೆಂದು ಹೊರಟವರು ಇನ್ನೊಬ್ಬರ ಮಾತನ್ನು ಕೇಳದೆ ತೆಗೆದುಕೊಂಡರೆ ಅದು ಸಣ್ಣ ಸಂಗತಿಯಲ್ಲ.

ಆದರೆ ನಾನು 2018ರಲ್ಲಿ ನೋಡಿದ ಪ್ರದರ್ಶನ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತ್ತು. ಅದರ ಹೆಸರು ‘ಹಾಪಾ.ಮಿ’. ಫುಲ್‌ಬೆಕ್ ಮೊದಲು ಫೋಟೋ ತೆಗೆದಿದ್ದ ಹಲವರನ್ನು ಹದಿನೈದು ವರ್ಷದ ನಂತರ ಮತ್ತೆ ಕೂರಿಸಿ, ಅದೇ ಪ್ರಶ್ನೆ ಕೇಳಿ, ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದ. ಮಗುವಾಗಿದ್ದವರು ಬೆಳೆದಿದ್ದರು, ಯುವಕರಿಗೆ ತಲೆ ನರೆತಿತ್ತು. ಉತ್ತರಗಳು ಕೂಡ ಅಲ್ಲೇ ನಿಂತಿರಲಿಲ್ಲ. ಹದಿನೈದು ವರ್ಷದಲ್ಲಿ ಮನುಷ್ಯ ತನ್ನ ಬಗ್ಗೆ ಬೇರೆ ಮಾತು ಹೇಳಬಲ್ಲ ಎಂಬುದನ್ನು ಗೋಡೆಯ ಮೇಲೆ ನೋಡಿದಾಗ ಆ ಇಡೀ ಕೆಲಸದ ಅರ್ಥವೇ ಬದಲಾಯಿತು. ಮೊದಲ ಸುತ್ತಿನಲ್ಲಿ ಕಂಡದ್ದು ಚಹರೆ, ಎರಡನೆಯ ಸುತ್ತಿನಲ್ಲಿ ಬದುಕು.

ಕಲೆಯ ಮಾತಿನಿಂದ ಕಾದಂಬರಿಗೆ ಬಂದರೆ, ಹೈಡಿ ಡರೋ ಅವರ ‘ದಿ ಗರ್ಲ್ ಹೂ ಫೆಲ್ ಫ್ರಮ್ ದಿ ಸ್ಕೈ’ 2010ರಲ್ಲಿ ಬಂತು. ಲೇಖಕಿಯ ತಾಯಿ ಡೆನ್ಮಾರ್ಕಿನವರು, ತಂದೆ ಕಪ್ಪು ಅಮೆರಿಕನ್. ಕಥಾನಾಯಕಿ ರೇಚಲಳದೂ ಅದೇ ಮೂಲ. ಒಂದು ಘೋರ ದುರಂತದಲ್ಲಿ ತಾಯಿಯನ್ನು ಕಳೆದುಕೊಂಡು, ತಾನೊಬ್ಬಳೇ ಉಳಿದು, ತಂದೆಯ ತಾಯಿಯ ಮನೆಗೆ ಬರುತ್ತಾಳೆ. ಅಲ್ಲಿ ಎಲ್ಲರೂ ಅವಳನ್ನು ಕಪ್ಪು ಹುಡುಗಿ ಎನ್ನುತ್ತಾರೆ, ಅವಳ ನೀಲಿ ಕಣ್ಣನ್ನೂ ನೋಡುತ್ತಾರೆ. ಅಮ್ಮನ ಜೊತೆಯಲ್ಲಿಯೇ ಅಮ್ಮನ ಭಾಷೆಯೂ ಅವಳ ಬದುಕಿನಿಂದ ದೂರವಾಗುತ್ತದೆ. ಆ ಅಜ್ಜಿ ಕೆಟ್ಟವಳಲ್ಲ. ತನಗೆ ತಿಳಿದ ರೀತಿಯಲ್ಲಿ ಪ್ರೀತಿಸುತ್ತಾಳೆ. ಮೊಮ್ಮಗಳಲ್ಲಿ ಅರ್ಧ ಭಾಗ ಆಕೆಗೆ ಕಾಣುವುದೇ ಇಲ್ಲ, ಅಷ್ಟೆ. ಹಬ್ಬ ಕಟ್ಟಿದ ಕೈಯೇ ಈ ಪುಸ್ತಕವನ್ನೂ ಬರೆದದ್ದು ಎಂಬುದು ಗಮನಿಸಬೇಕಾದ ಸಂಗತಿ. ‘ನಮ್ಮನ್ನು ನಾವು ಸಂಭ್ರಮಿಸೋಣ’ ಎನ್ನುವ ಹಬ್ಬದ ದನಿಗಿಂತ ಕಾದಂಬರಿಯ ದನಿ ಬಹಳ ಕಡಿದಾದದ್ದು. ನನ್ನನ್ನು ಕೇಳಿದರೆ ಹೆಚ್ಚು ಸತ್ಯ ಹೇಳುವುದು ಕಾದಂಬರಿಯೇ.

ಹಬ್ಬಕ್ಕೆ ಹೆಸರು ಕೊಟ್ಟ ದಂಪತಿಗಳಾದರೂ ಹೇಗಿದ್ದರು? ರಿಚರ್ಡ್ ಲವಿಂಗ್ ಗಾರೆ ಕೆಲಸದವನು, ಬಿಳಿಯ. ಮಿಲ್ಡ್ರೆಡ್ ಕಪ್ಪು ಮತ್ತು ಅಮೆರಿಕದ ಮೂಲನಿವಾಸಿಗಳ ರಕ್ತದವಳು. ಮದುವೆಯ ಕಾಗದದಲ್ಲಿ ಆಕೆಯನ್ನು ‘ಇಂಡಿಯನ್’, ಅಂದರೆ ಮೂಲನಿವಾಸಿ ಎಂದೇ ಬರೆದಿತ್ತು. ಕಪ್ಪು-ಬಿಳುಪಿನ ಕಥೆಯೆಂದು ನಾವು ಹೇಳುವ ಕಥೆಯ ನಾಯಕಿಯೇ ಒಂದು ಕಲಮಿನೊಳಗೆ ಕೂರುವವಳಲ್ಲ. 1958ರ ಜೂನ್‌ನಲ್ಲಿ ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ವರ್ಜೀನಿಯಾದ ತಮ್ಮ ಊರಿಗೆ ಮರಳಿದರು. ಜುಲೈನಲ್ಲಿ ಪೊಲೀಸರು ನಡುರಾತ್ರಿ ಮಲಗುವ ಕೋಣೆಗೇ ನುಗ್ಗಿ ಹಿಡಿದೊಯ್ದರು. 1959ರಲ್ಲಿ ಒಂದು ವರ್ಷದ ಜೈಲುಶಿಕ್ಷೆ. ಗಂಡಹೆಂಡಿರು ಒಟ್ಟಾಗಿ 25 ವರ್ಷ ಆ ರಾಜ್ಯಕ್ಕೆ ಬರದಿದ್ದರೆ ಶಿಕ್ಷೆ ಅಮಾನತು. ಊರು ಬಿಟ್ಟು ನಗರದಲ್ಲಿ ಇರಲಾರದೆ 1963ರಲ್ಲಿ ಮಿಲ್ಡ್ರೆಡ್ ಆಗಿನ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಕಾಗದ ಬರೆದಳು. ಮೊಕದ್ದಮೆ ಅಲ್ಲಿಂದ ಬೆಳೆಯಿತು. ಸುಪ್ರೀಂ ಕೋರ್ಟಿನಲ್ಲಿ ವಾದ ನಡೆದ ದಿನ ಇಬ್ಬರೂ ಹೋಗಲಿಲ್ಲ. ತಾನು ಹೆಂಡತಿಯನ್ನು ಪ್ರೀತಿಸುತ್ತೇನೆ, ಅವಳ ಜೊತೆ ವರ್ಜೀನಿಯಾದಲ್ಲಿ ಇರಲಾಗದಿರುವುದು ಅನ್ಯಾಯ ಎಂದು ನ್ಯಾಯಮೂರ್ತಿಗಳಿಗೆ ತಿಳಿಸಿ ಎಂದಷ್ಟೇ ರಿಚರ್ಡ್ ವಕೀಲರಿಗೆ ಹೇಳಿ ಕಳುಹಿಸಿದ. 1975ರಲ್ಲಿ ಅಪಘಾತದಲ್ಲಿ ಆತ ತೀರಿಕೊಂಡ. ಆಕೆ 2008ರವರೆಗೆ ಬದುಕಿದ್ದಳು.

ಜೆಫ್ ನಿಕೋಲ್ಸ್ 2016ರಲ್ಲಿ ಮಾಡಿದ ‘ಲವಿಂಗ್’ ಸಿನಿಮಾದ ದೊಡ್ಡಸ್ತಿಕೆ ಇದನ್ನು ಅರಿತದ್ದರಲ್ಲಿದೆ. ಕೋರ್ಟಿನ ಭಾಷಣಗಳಿಗೆ ಅಲ್ಲಿ ಜಾಗ ಕಡಿಮೆ. ಇಟ್ಟಿಗೆ ಕಟ್ಟುವುದು, ಪಾತ್ರೆ ತೊಳೆಯುವುದು, ಮಕ್ಕಳನ್ನು ಸಾಕುವುದು, ಸುಮ್ಮನೆ ಕೂರುವುದು ಇವೇ ಹೆಚ್ಚು. ಕೆಲವರಿಗೆ ಅದು ನಿಧಾನ ಎನಿಸೀತು. ಇಬ್ಬರು ಕೇಳಿದ್ದು ಕೀರ್ತಿಯನ್ನಲ್ಲ, ತಮ್ಮ ಊರಲ್ಲಿ ತಮ್ಮ ಮನೆಯಲ್ಲಿ ಇರುವ ಹಕ್ಕನ್ನು ಎಂಬುದು ಆ ನಿಧಾನದಿಂದಲೇ ಮನಸ್ಸಿಗೆ ಇಳಿಯುತ್ತದೆ.

ಹಬ್ಬದ ಬಗ್ಗೆ ನನ್ನ ಮುಖ್ಯ ತಕರಾರು ಇಲ್ಲಿಯೇ. 1967ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಮದುವೆಯಾದವರಲ್ಲಿ ಶೇಕಡಾ 3ರಷ್ಟು ಜನ ಬೇರೆ ಜನಾಂಗದವರನ್ನು ವರಿಸಿದ್ದರು. 2015ರಲ್ಲಿ ಅದು ಶೇಕಡಾ 17. ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಿಕೊಳ್ಳಲು 2000ದಲ್ಲಿ ಮೊದಲ ಬಾರಿಗೆ ಅವಕಾಶ ಸಿಕ್ಕಾಗ 68 ಲಕ್ಷ ಜನ ಹಾಗೆ ಬರೆಸಿದರು, 2020ರಲ್ಲಿ 3.38 ಕೋಟಿ. ಪ್ರಶ್ನೆ ಕೇಳುವ ಮತ್ತು ಎಣಿಸುವ ರೀತಿ ಬದಲಾದದ್ದೂ ಈ ಏರಿಕೆಗೆ ಒಂದು ಕಾರಣ. ಈ ಅಂಕಿಗಳನ್ನು ಹಿಡಿದು, ಇಂಥ ಮಕ್ಕಳು ಹುಟ್ಟುತ್ತ ಹೋದರೆ ಬಣ್ಣದ ಜಗಳ ತಾನಾಗಿಯೇ ಮುಗಿಯುತ್ತದೆ ಎನ್ನುವವರಿದ್ದಾರೆ. ದೊಡ್ಡವರ ಪಾಪ ತೊಳೆಯುವ ಕೆಲಸವನ್ನು ಮಕ್ಕಳ ಹೆಗಲಿಗೆ ಹೊರಿಸಬಾರದು. ನಾಲ್ಕು ವರ್ಷದ ಹುಡುಗ ಯಾವ ದೇಶದ ಭವಿಷ್ಯವೂ ಅಲ್ಲ. ಅವನು ಊಟ ಮಾಡಲು ಹಟ ಹಿಡಿಯುವ ಒಂದು ಮಗು.

ಹಬ್ಬ ಬೇಡವೆಂದು ನಾನು ಹೇಳುತ್ತಿಲ್ಲ. ತನ್ನಂಥವರು ಒಂದು ಸಭಾಂಗಣದ ತುಂಬ ಕೂತಿರುವುದನ್ನು ಒಂದು ದಿನವಾದರೂ ನೋಡುವುದು ಅಂಥ ಮಗುವಿಗೆ ಎಷ್ಟು ದೊಡ್ಡ ಧೈರ್ಯವೆಂದು ತರಗತಿಯಲ್ಲಿ ಒಂಟಿಯಾಗಿ ಕೂರುವ ಮಕ್ಕಳನ್ನು ಕಂಡ ಯಾರಿಗಾದರೂ ಅರ್ಥವಾಗುತ್ತದೆ. ನಾನು ಕೇಳುವುದು ಇನ್ನೂ ಕೆಲವು ಕುರ್ಚಿಗಳನ್ನು. ಗೆದ್ದವರ ಜೊತೆಗೆ, ಒಪ್ಪದೆ ಬಾಗಿಲು ಹಾಕಿಕೊಂಡವರಿಗೂ, ಅರ್ಧ ಬಾಗಿಲು ತೆರೆದು ನಿಂತವರಿಗೂ ಅಲ್ಲಿ ಜಾಗ ಬೇಕು. ಅವರ ಕಥೆಯನ್ನು ಹೇಳದಿದ್ದರೆ ಹಬ್ಬ ಅದಾಗಲೇ ಒಪ್ಪಿದವರ ನಡುವಿನ ಚಪ್ಪಾಳೆಯಾಗಿ ಉಳಿಯುತ್ತದೆ.

ನನ್ನ ಅಕ್ಕನನ್ನೇ ನೋಡಿ. ಅವಳು ಆ ಸಭಾಂಗಣಕ್ಕೆ ಎಂದೂ ಹೋಗಲಾರಳು. ಅಳಿಯನ ಹೆಸರನ್ನು ಈಗಲೂ ಸಲೀಸಾಗಿ ಹೇಳುವುದಿಲ್ಲ, ‘ಅವರು’ ಎನ್ನುತ್ತಾಳೆ. ನೆಂಟರ ಮುಂದೆ ಫೋಟೋ ತೋರಿಸುವಾಗ ಒಂದು ಕ್ಷಣ ತಡೆಯುತ್ತಾಳೆ. ಆದರೂ ಪ್ರತಿ ಭಾನುವಾರ ರಾತ್ರಿ, ಅಲ್ಲಿ ಬೆಳಗಾಗುವ ಹೊತ್ತಿಗೆ, ಫೋನು ಹಿಡಿದು ಕೂತು ಆ ಹುಡುಗನಿಗೆ ಒಂದೊಂದೇ ಕನ್ನಡ ಮಾತು ಕಲಿಸುತ್ತಾಳೆ. ಅವನ ಗುಂಗುರು ಕೂದಲಿಗೆ ಕೊಬ್ಬರಿ ಎಣ್ಣೆ ಸಾಕೋ ಬೇರೆ ಏನಾದರೂ ಹಚ್ಚಬೇಕೋ ಎಂದು ಹೋದ ವರ್ಷ ಅಳಿಯನನ್ನೇ ನೇರವಾಗಿ ಕೇಳಿದಳು. ಅವರಿಬ್ಬರೂ ಒಂದು ಗಂಟೆ ಮಾತಾಡಿದ್ದು ಅದೇ ಮೊದಲ ಸಲ.