ಐದಡಿಯ ಕಣ್ಣು

ಫ್ರಾನ್ಸಿಸ್ ಚಿಂಗ್ ಅವರ ‘ಆರ್ಕಿಟೆಕ್ಚರಲ್ ಗ್ರಾಫಿಕ್ಸ್’ ಮೊದಲು ಅಚ್ಚಾದದ್ದು 1975ರಲ್ಲಿ. ಚಿತ್ರಗಳಷ್ಟೇ ಅಲ್ಲ, ಅಕ್ಷರಗಳೂ ಕೈಬರಹವೇ. ಒಳಾಂಗಣ ವಿನ್ಯಾಸ ಕಲಿಯುವವರಿಗೆ ಇಷ್ಟು ತಾಳ್ಮೆಯ ಮೇಷ್ಟ್ರು ಸಿಗುವುದು ಕಷ್ಟ. ಪ್ಲಾನು, ಸೆಕ್ಷನ್ನುಗಳಿಂದ ಹೊರಟು ಪರ್ಸ್‌ಪೆಕ್ಟಿವ್‌ವರೆಗೆ ಕೈಹಿಡಿದು ನಡೆಸುತ್ತದೆ. ನಾನೂ ಹಾಗೆ ನಡೆದವನೇ.

ಪರ್ಸ್‌ಪೆಕ್ಟಿವ್‌ನಲ್ಲಿ ಕ್ಷಿತಿಜರೇಖೆ ಎಂದರೆ ನೋಡುವವರ ಕಣ್ಣಿನ ಎತ್ತರ. ಅದು ಏರಿಳಿದರೆ ಚಿತ್ರವೇ ಬದಲಾಗುತ್ತದೆಂದು ಪುಸ್ತಕ ಹೇಳುತ್ತದೆ. ಅದು ಯಾರ ಕಣ್ಣು ಎಂದು ಕೇಳಿಕೊಳ್ಳುವುದು ನಮಗೆ ಬಿಟ್ಟದ್ದು. ನಾವು ಕೇಳಲಿಲ್ಲ, ನಿಂತವರ ಕಣ್ಣೆಂದು ಐದಡಿಗೆ ಗೆರೆ ಎಳೆದು ಅಂಕ ಪಡೆದೆವು.

ಒಮ್ಮೆ ನಮ್ಮ ನಡುಮನೆಯನ್ನೇ ಬರೆದು ಅಜ್ಜಿಗೆ ತೋರಿಸಿದೆ. ‘ಇದು ಯಾರ ಮನೆಯೋ ಮಗಾ?’ ಎಂದಳು. ಹಗಲೆಲ್ಲ ನೆಲದ ಮೇಲೆ ಕೂರುವವಳು ಆಕೆ. ರೇಖೆಯನ್ನು ಎರಡೂವರೆ ಅಡಿಗೆ ಇಳಿಸಿ ಮತ್ತೆ ಬರೆದೆ. ಮೇಜಿನ ಹಲಗೆ ಬರಿಯ ಗೆರೆಯಾಯಿತು. ಮೂರಡಿ ಎತ್ತರದ ಕಿಟಕಿಯ ಕಟ್ಟೆ ಕಣ್ಣಿಗಿಂತ ಮೇಲೆ ಹೋಗಿ ಬೀದಿ ಮರೆಯಾಯಿತು, ಆಕಾಶವಷ್ಟೇ ಉಳಿಯಿತು. ಅಜ್ಜಿ ಯಾಕೆ ದಿನವೂ ಹೊಸ್ತಿಲ ಬಳಿಗೇ ಸರಿದು ಕೂರುತ್ತಾಳೆಂದು ಆಗ ತಿಳಿಯಿತು.

ಪುಸ್ತಕದಲ್ಲಿ ಕೊರತೆಯಿಲ್ಲ. ಕಲಿಸುವಾಗ ಮೊದಲ ಗೆರೆಗೆ ಮುಂಚೆ ಒಂದು ಪ್ರಶ್ನೆ ಬೇಕು: ಇಲ್ಲಿ ಬಾಳುವವರು ಎಲ್ಲಿ ಕೂರುತ್ತಾರೆ?