ಉಪಚಾರ ಹೆಚ್ಚಾದ ಮೊಗ್ಗು

ಮನೆಯೊಳಗೆ ಆರ್ಕಿಡ್ ಸಾಕುವವರ ನಡುವೆ ಈಗ ಒಂದು ಮನೆಮದ್ದಿನ ಶಾಸ್ತ್ರವೇ ಬೆಳೆದು ನಿಂತಿದೆ. ಮೊಗ್ಗು ಅರಳದೆ ಹಳದಿಯಾಗಿ ಉದುರತೊಡಗಿತೋ, ಅಕ್ಕಿ ತೊಳೆದ ನೀರು ಬರುತ್ತದೆ, ಬೆಳ್ಳುಳ್ಳಿ ನೆನೆಸಿದ ನೀರು ಬರುತ್ತದೆ, ಮೂರು ಹೊತ್ತು ಸ್ಪ್ರೇ ಶುರುವಾಗುತ್ತದೆ. ಅದೂ ಸಾಲದೆ ಕುಂಡವನ್ನು ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆ ಕಿಟಕಿಗೆ ಹೊತ್ತು ತಿರುಗುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮೊಗ್ಗು ಕಂಡ ಮೇಲೆ ಮಾಡುವ ಈ ಸೇವೆಯಲ್ಲಿ ಮುಕ್ಕಾಲು ಪಾಲು ನಮ್ಮ ಸಮಾಧಾನಕ್ಕೆ ಮಾಡಿಕೊಳ್ಳುವಂಥದ್ದು.

ಮಾತು ಫೆಲನಾಪ್ಸಿಸ್ ಕುರಿತು. ನರ್ಸರಿಗಳಲ್ಲೂ ಉಡುಗೊರೆ ಅಂಗಡಿಗಳಲ್ಲೂ ಪತಂಗದಂಥ ಅಗಲ ಹೂವಿನ ಗಿಡವಾಗಿ ಸಿಗುವುದು ಹೆಚ್ಚಾಗಿ ಇದೇ. ಆಗ್ನೇಯ ಏಷ್ಯಾದ ಮಳೆಕಾಡುಗಳಲ್ಲಿ ಮರದ ತೊಗಟೆ ಕಚ್ಚಿಕೊಂಡು, ಬೇರನ್ನು ಗಾಳಿಗೆ ಬಿಟ್ಟು ಬದುಕುವ ಜಾತಿ. ಅದರ ಹೂದಂಟು ಹೊರಡಬೇಕಾದರೆ ಕೆಲವು ವಾರ ತಂಪು ಬೇಕು, ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಹಗಲೆಲ್ಲ 29 ಡಿಗ್ರಿ ಇದ್ದರೆ ರಾತ್ರಿ ತಣ್ಣಗಾದರೂ ದಂಟು ಏಳಲು ಹಿಂಜರಿಯುತ್ತದೆ. ಅರಳುವುದಕ್ಕೆ ಬೇಕಾದದ್ದು ಬೇರೆ: ತೇವವಿರುವ ಗಾಳಿ, ಏರುಪೇರಿಲ್ಲದ ಹವೆ.

ಬೆಂಗಳೂರಿನ ಪೇಚು ಇರುವುದು ಇಲ್ಲಿ. ಡಿಸೆಂಬರ್ ಜನವರಿಯ ಚಳಿ ದಂಟನ್ನು ಸಲೀಸಾಗಿ ಹೊರಡಿಸುತ್ತದೆ. ಆದರೆ ದಂಟು ಬೆಳೆದು ಮೊಗ್ಗು ಅರಳಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಮಾರ್ಚ್ ಬಂದು, ಊರಿನ ಗಾಳಿ ಒಣಗಿ ಚುರುಗುಟ್ಟುತ್ತಿರುತ್ತದೆ. ಮಂಗಳೂರಿನ ಕಡೆ ಲೆಕ್ಕ ತಿರುವುಮುರುವು. ಗಾಳಿಯಲ್ಲಿ ತೇವಕ್ಕೆ ಬರವಿಲ್ಲ, ಹಗಲಿನ ಸೆಕೆಯಿಂದಾಗಿ ದಂಟು ಹೊರಡುವುದೇ ಕಷ್ಟ. ಎರಡು ಊರಿಗೂ ಒಂದೇ ಸಲಹೆ ಹಂಚುವವರನ್ನು ನಾನು ನಂಬುವುದಿಲ್ಲ. ನಮ್ಮ ಮಲೆನಾಡಿನ ಸೀತಾಳೆ ದಂಡೆ ಎಂಬ ಆರ್ಕಿಡ್ ಮಳೆಗಾಲದ ಹೊಸ್ತಿಲಲ್ಲಿ ಮರದ ಮೇಲೆ ಗೊಂಚಲು ಇಳಿಬಿಡುವುದನ್ನು ನೋಡಿದವರಿಗೆ ಗಾಳಿಯ ತೇವದ ಮಾತು ವಿವರಿಸಬೇಕಿಲ್ಲ.

ಹಾಗಾದರೆ ಸ್ಪ್ರೇ ಒಳ್ಳೆಯದಲ್ಲವೇ? ಅಲ್ಲ. ಸ್ಪ್ರೇ ಹೊಡೆದ ತೇವ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಎಲೆಗಳು ಕೂಡುವ ನಡುಸುಳಿಯಲ್ಲಿ ನಿಂತ ಹನಿ ಮಾತ್ರ ರಾತ್ರಿಯಿಡೀ ಉಳಿದು ಸುಳಿ ಕೊಳೆಸುತ್ತದೆ, ಮೊಗ್ಗಿನ ಮೇಲೆ ಉಳಿದದ್ದು ಬೂಷ್ಟಿಗೆ ದಾರಿಯಾಗುತ್ತದೆ. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹಾಕಿ, ಕುಂಡದ ತಳ ನೀರಿಗೆ ತಾಗದಂತೆ ಮೇಲಿಡುವುದು ಅದಕ್ಕಿಂತ ವಾಸಿ. ಲಾಭ ಅಲ್ಪವೇ, ಆದರೆ ಕೇಡಿಲ್ಲ.

ಅಕ್ಕಿ ತೊಳೆದ ನೀರಿನ ಮಹಿಮೆ ಇನ್ನೂ ವಿಚಿತ್ರ. ಎಸಳಿನ ಜೀವಕೋಶಗಳು ನೀರು ಹೀರಿ ಹಿಗ್ಗುವುದರಿಂದ ಮೊಗ್ಗು ಅರಳುತ್ತದೆ, ಅದಕ್ಕೆ ಬೇಕಾದ ಸಕ್ಕರೆ ಎಲೆಗಳಿಂದ ಬರುತ್ತದೆ. ಇವತ್ತು ಸುರಿದ ಗಂಜಿನೀರು ನಾಳಿನ ಮೊಗ್ಗಿಗೆ ಆಹಾರವಾಗುವ ದಾರಿಯೇ ಇಲ್ಲ. ತೊಗಟೆ ಚೂರುಗಳ ನಡುವೆ ಹುಳಿತು ನುಸಿ ಕರೆಯುತ್ತದೆ ಅಷ್ಟೆ. ಮೊಗ್ಗಿನ ಬಾಯಿ ಬೆರಳಿನಿಂದ ಬಿಡಿಸುವವರೂ ಇದ್ದಾರೆ. ಅವರ ಬಗ್ಗೆ ಏನೂ ಹೇಳದಿರುವುದೇ ಮೇಲು.

ಮಂಜುಗಡ್ಡೆಯ ವಿಷಯದಲ್ಲಿ ನಾನು ಸ್ವಲ್ಪ ಉದಾರಿ. ವಾರಕ್ಕೆ ಮೂರು ಮಂಜುಗಡ್ಡೆ ಇಟ್ಟರೆ ಸಾಕು ಎಂಬ ಪ್ರಚಾರ ಅಮೆರಿಕದ್ದು. ಉಷ್ಣವಲಯದ ಗಿಡಕ್ಕೆ ಹಿಮವೇ ಎಂದು ಬಲ್ಲವರು ಹೌಹಾರಿದ್ದರು. ಓಹಿಯೋ ಸ್ಟೇಟ್ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ತೊಗಟೆಯಲ್ಲಿ ನೆಟ್ಟ ಗಿಡಗಳ ಹೂವಿನ ಬಾಳಿಕೆಗೆ ಅದರಿಂದ ಧಕ್ಕೆಯಾಗಲಿಲ್ಲ. ಆದರೆ ಮಂಜುಗಡ್ಡೆಯ ಗುಣ ಔಷಧಿ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದ್ದು: ಸುರಿದು ಸುರಿದು ಬೇರು ಕೊಳೆಸುವವರ ಕೈ ಕಟ್ಟುತ್ತದೆ. ಬೇರಿನ ಬಣ್ಣ ನೋಡಲು ಬರುವವರಿಗೆ ಅದು ಬೇಕಿಲ್ಲ. ಬೇರು ಬೆಳ್ಳಿಬಿಳುಪಾದರೆ ನೀರು ಕೊಡಬೇಕು, ಹಸಿರಾಗಿದ್ದರೆ ಬೇಡ. ಕಂದಾಗಿ, ಹಿಚುಕಿದರೆ ಪಿಚ್ಚೆನ್ನುವಂತಾಗಿದ್ದರೆ ಮೊಗ್ಗಿನ ಆಸೆ ಬಿಟ್ಟು ದಂಟು ಕತ್ತರಿಸಿ, ಗಿಡ ಉಳಿಸಿಕೊಳ್ಳಬೇಕು. ಈ ಕೊನೆಯ ಮಾತನ್ನು ಯಾರೂ ಹೇಳುವುದಿಲ್ಲ, ಕೇಳಲು ಇಷ್ಟಪಡುವವರೂ ಇಲ್ಲ.

ಇಷ್ಟೆಲ್ಲ ಉಪಚಾರಗಳ ಗದ್ದಲದಲ್ಲಿ ಮರೆಯಾದ ಖಳನಾಯಕ ಎಥಿಲೀನ್ ಎಂಬ ಅನಿಲ. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವುದು ನಮ್ಮ ಹಳ್ಳಿಗಳಿಗೆ ಗೊತ್ತಿರುವ ವಿದ್ಯೆ. ಹೊಗೆಯೊಳಗಿದ್ದು ಕಾಯಿಯನ್ನು ಮಾಗಿಸುವುದು ಇದೇ. ಮಾಗುವ ಹಣ್ಣು ತಾನೂ ಇದನ್ನು ಬಿಡುತ್ತದೆ. ಕಾಯಿಗೆ ಮಾಗು ಎಂದು ಹೇಳುವ ಅನಿಲ ಮೊಗ್ಗಿಗೆ ಹೇಳುವುದು ಉದುರು ಎಂದು, ಅದಕ್ಕೆ ಅತ್ಯಲ್ಪ ಪ್ರಮಾಣ ಸಾಕು. ಊಟದ ಮೇಜಿನ ಮೇಲೆ ಒಂದು ಕಡೆ ಮಾವು ಬಾಳೆ ತುಂಬಿದ ಬುಟ್ಟಿ, ಪಕ್ಕದಲ್ಲೇ ಆರ್ಕಿಡ್, ನಾಲ್ಕು ಹೆಜ್ಜೆಯಾಚೆ ದೇವರಮನೆಯ ಅಗರಬತ್ತಿ ಹೊಗೆ: ನೋಡಲು ಚೆಂದದ ಮನೆ, ಮೊಗ್ಗಿಗೆ ಹಣ್ಣು ಮಾಗಿಸುವ ಕೋಣೆ. ದೊಡ್ಡ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಸಾಗಿಸುವ ಮುನ್ನ ಎಥಿಲೀನ್ ತಡೆಯುವ ರಾಸಾಯನಿಕದ ಉಪಚಾರ ಮಾಡಿಸುವವರಿದ್ದಾರೆ. ಹಣ್ಣಿನ ಬುಟ್ಟಿ ಸರಿಸಿ ಎಂಬ ಸಲಹೆ ಜನಪ್ರಿಯವಾಗದಿರಲು ಒಂದು ಕಾರಣ, ಅದರಲ್ಲಿ ಮಾರುವಂಥದ್ದು ಏನೂ ಇಲ್ಲದಿರುವುದು.

ಕುಂಡ ತಿರುಗಿಸುವ ಚಾಳಿಯೂ ಬಿಡಬೇಕಾದದ್ದೇ. ದಂಟು ಬೆಳಕಿನತ್ತ ಬಾಗುತ್ತದೆ, ಒಂದೊಂದು ಮೊಗ್ಗೂ ತನ್ನ ತೊಟ್ಟಿನ ಮೇಲೆ ಅರ್ಧ ಸುತ್ತು ಹೊರಳಿ ತುಟಿಯಂಥ ಎಸಳನ್ನು ಕೆಳಕ್ಕೆ ತಂದುಕೊಳ್ಳುತ್ತದೆ. ನಡುವೆ ದಿಕ್ಕು ಬದಲಿಸಿದರೆ ಸಾಲಿನ ಹೂಗಳು ಒಂದೊಂದು ಕಡೆ ಮುಖ ಮಾಡುತ್ತವೆ. ಪೂರ್ವದ ಕಿಟಕಿಯ ಎಳೆಬಿಸಿಲು ಬೀಳುವ, ಏಸಿ ಗಾಳಿ ನೇರ ಬಡಿಯದ ಒಂದು ಜಾಗ ಆರಿಸಿ ಅಲ್ಲೇ ಬಿಡುವುದು ಒಳ್ಳೆಯದು.

ಕೊಳ್ಳುವಾಗಿನ ಆಯ್ಕೆಗೆ ಇವೆಲ್ಲಕ್ಕಿಂತ ಹೆಚ್ಚು ತೂಕವಿದೆ. ಪೂರಾ ಮೊಗ್ಗಾಗಿರುವ ಗಿಡ ತಂದರೆ ಹೂವು ಹೆಚ್ಚು ದಿನ ದಕ್ಕುತ್ತದೆ ಎಂಬುದು ಜಾಣ ಲೆಕ್ಕದಂತೆ ಕಂಡರೂ, ಕೊರಿಯರ್ ಡಬ್ಬಿಯ ಕತ್ತಲಲ್ಲಿ ದಿನಗಟ್ಟಲೆ ಕುಳಿತು ಬಂದ ಎಳೆ ಮೊಗ್ಗುಗಳೇ ಮೊದಲು ಹಳದಿಯಾಗುವುದು. ಹೂವು ಬುಡದಿಂದ ತುದಿಗೆ ಒಂದೊಂದಾಗಿ ಅರಳುತ್ತಾ ಹೋಗುತ್ತದೆ. ಬುಡದ ಎರಡು ಮೂರು ಹೂ ಆಗಲೇ ಬಿರಿದಿರುವ ಗಿಡ ಕೊಂಡರೆ, ತುದಿಯ ಎಳೆ ಮೊಗ್ಗು ಒಂದೆರಡು ಕಳಚಿಕೊಂಡರೂ ಬಿರಿದವು ಎರಡು ತಿಂಗಳ ತನಕ ನಿಲ್ಲುತ್ತವೆ.