ತಿದ್ದಬಾರದ ಪುಟಗಳು

ಓಪನ್ ಸೋರ್ಸ್ ಪ್ರಾಜೆಕ್ಟ್ ಶುರು ಮಾಡುವವರು ಕೋಡಿಗೆ ಯಾವ ಲೈಸೆನ್ಸ್ ಹಾಕೋಣ ಅಂತ ಗಂಟೆಗಟ್ಟಲೆ ಜಗಳ ಆಡ್ತಾರೆ. ಜಿಪಿಎಲ್ಲೋ, ಎಂಐಟಿಯೋ, ಅಪಾಚೆಯೋ ಅನ್ನುವ ಚರ್ಚೆ ಕಾಫಿ ಆರಿಹೋದರೂ ಮುಗಿಯುವುದಿಲ್ಲ. ಅದೇ ಪ್ರಾಜೆಕ್ಟಿನ ಕೈಪಿಡಿಗೆ ಯಾವ ಲೈಸೆನ್ಸ್ ಅಂತ ಕೇಳಿ ನೋಡಿ. ‘ಅದಕ್ಕೂ ಬೇಕಾ?’ ಅನ್ನೋ ಮುಖ ಮಾಡ್ತಾರೆ.

ಬೇಕು. ಏನೂ ಬರೆಯದೆ ಬಿಟ್ಟರೆ ಎಲ್ಲರಿಗೂ ಮುಕ್ತ ಅಂತ ಅರ್ಥವಲ್ಲ, ಎಲ್ಲ ಹಕ್ಕೂ ಬರೆದವರದ್ದೇ ಅಂತ ಅರ್ಥ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಅನುವಾದ ಮಾಡುವ ಹಕ್ಕನ್ನೂ ಮೂಲದ ಹಕ್ಕುದಾರರಿಗೇ ಕೊಡುತ್ತದೆ. ಆ ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ವೆಬ್‌ಸೈಟಿನಲ್ಲಿ ಪುಕ್ಕಟೆ ಓದೋಕೆ ಸಿಗೋದು ಬೇರೆ, ಅದನ್ನು ಕನ್ನಡಕ್ಕೆ ತಂದು ಹಂಚೋಕೆ ಅನುಮತಿ ಇರೋದು ಬೇರೆ.

ಹಾಗಾಗಿ ಕೈಪಿಡಿಯ ಲೈಸೆನ್ಸನ್ನು ನಾನು ಅಳೆಯುವುದು ಅನುವಾದಕರ ಕಡೆಯಿಂದ. ಯಾಕಂದ್ರೆ ಒಂದು ಪಠ್ಯಕ್ಕೆ ಏನೇನು ಮಾಡಬಹುದೋ ಅದನ್ನೆಲ್ಲ ಮಾಡುವವರು ಅವರೇ. ನಕಲು ಮಾಡ್ತಾರೆ, ಬದಲಾಯಿಸ್ತಾರೆ, ಬೇಡದ್ದನ್ನು ಕೈಬಿಡ್ತಾರೆ, ನಮ್ಮ ಜನಕ್ಕೆ ಬೇಕಾದ ಉದಾಹರಣೆ ಸೇರಿಸ್ತಾರೆ, ಕೆಲವೊಮ್ಮೆ ಪ್ರಿಂಟ್ ಹಾಕಿಸಿ ಹಂಚ್ತಾರೆ. ಇಷ್ಟನ್ನೂ ಯಾರನ್ನೂ ಕೇಳದೆ ಮಾಡಲು ಬಿಡುವ ಲೈಸೆನ್ಸ್ ನನ್ನ ಲೆಕ್ಕದಲ್ಲಿ ಮುಕ್ತ.

ಈ ಅಳತೆಗೆ ಮೊದಲು ಸಿಕ್ಕಿಬೀಳೋದು, ವಿಚಿತ್ರ ಅಂದ್ರೆ, ಮುಕ್ತ ಕೈಪಿಡಿಗಳಿಗೆಂದೇ ಹುಟ್ಟಿದ ಲೈಸೆನ್ಸ್. ಅದೇ ಗ್ನೂ ಫ್ರೀ ಡಾಕ್ಯುಮೆಂಟೇಶನ್ ಲೈಸೆನ್ಸ್, ಚಿಕ್ಕದಾಗಿ ಜಿಎಫ್‌ಡಿಎಲ್. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದನ್ನು ಹೊರತಂದದ್ದು 2000ದ ಮಾರ್ಚ್‌ನಲ್ಲಿ. ಉದ್ದೇಶ ಒಳ್ಳೆಯದೇ. ಪ್ರೋಗ್ರಾಮ್ ಮುಕ್ತವಾಗಿದ್ದು ಅದರ ಕೈಪಿಡಿಗೆ ಬೀಗ ಬಿದ್ದಿದ್ದರೆ ಕೋಡ್ ತಿದ್ದಿದವನು ಕೈಪಿಡಿಯನ್ನು ತಿದ್ದುವ ಹಾಗಿಲ್ಲ. ಹಾಗಾದರೆ ಸ್ವಾತಂತ್ರ್ಯ ಅರ್ಧ ಮಾತ್ರ ಅನ್ನುವ ರಿಚರ್ಡ್ ಸ್ಟಾಲ್ಮನ್ ವಾದ ಸರಿಯಾಗಿಯೇ ಇದೆ. ಪುಸ್ತಕ ಪ್ರಕಾಶಕರನ್ನೂ ಒಳಗೆ ಸೆಳೆಯಬೇಕೆಂದು ಮುಖಪುಟದಲ್ಲಿ 5 ಪದ, ಹಿಂಬದಿಯಲ್ಲಿ 25 ಪದ ಮೀರದ ಕಡ್ಡಾಯ ಬರಹಕ್ಕೂ ಅವಕಾಶ ಮಾಡಿದರು.

ತೊಡಕು ಇರುವುದು ‘ಇನ್‌ವೇರಿಯೆಂಟ್ ಸೆಕ್ಷನ್’ ಅನ್ನುವ ಏರ್ಪಾಟಿನಲ್ಲಿ. ಅಂದ್ರೆ ಲೇಖಕರು ಗುರುತು ಮಾಡಿಟ್ಟ ಕೆಲವು ಭಾಗಗಳನ್ನು ಮುಂದಿನವರು ಯಾರೂ ತಿದ್ದುವಂತಿಲ್ಲ, ತೆಗೆಯುವಂತೆಯೂ ಇಲ್ಲ. ಈಮ್ಯಾಕ್ಸ್ ಎಡಿಟರಿನ ಕೈಪಿಡಿಯನ್ನೇ ನೋಡಿ. 1985ರ ಗ್ನೂ ಮ್ಯಾನಿಫೆಸ್ಟೊ ಅದರಲ್ಲಿ ಇಂಥ ಒಂದು ಭಾಗ. ನೀವು ಈ ಕೈಪಿಡಿಯನ್ನು ಕನ್ನಡಕ್ಕೆ ತರ್ತೀರಿ ಅಂದ್ಕೊಳ್ಳಿ. ಲೈಸೆನ್ಸಿನ ಅನುವಾದದ ಕಲಂ ಪ್ರಕಾರ ಮ್ಯಾನಿಫೆಸ್ಟೊ ಇಂಗ್ಲಿಷಿನಲ್ಲಿ ಹಾಗೇ ಉಳಿಯಬೇಕು. ಕನ್ನಡ ರೂಪವನ್ನು ಪಕ್ಕದಲ್ಲಿ ಬೇಕಾದರೆ ಸೇರಿಸಬಹುದು, ಅದರ ಜಾಗದಲ್ಲಿ ಹಾಕಬೇಕಾದರೆ ಹಕ್ಕುದಾರರಿಂದ ವಿಶೇಷ ಅನುಮತಿ ಬೇಕು. ಲೈಸೆನ್ಸಿನ ಇಂಗ್ಲಿಷ್ ಪಠ್ಯವೂ ಪೂರ್ತಿ ಜೊತೆಗಿರಬೇಕು. ಹೊಸಬರಿಗೆಂದು ಹತ್ತು ಪುಟದ ಕಿರುಹೊತ್ತಿಗೆ ಮಾಡಿದರೂ ಈ ಮೂಟೆ ಬೆನ್ನ ಮೇಲೇ ಇರುತ್ತೆ.

ಇದಕ್ಕೆ ಸ್ಟಾಲ್ಮನ್ ಕೊಡುವ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಬಳಸುವ ವಿಧಾನ ಬೇರೆ, ಒಬ್ಬರ ಅಭಿಪ್ರಾಯ ಬೇರೆ. ಇನ್ನೊಬ್ಬರ ಅಭಿಪ್ರಾಯ ತಿದ್ದಿ ಅವರ ಹೆಸರಲ್ಲೇ ಹಂಚುವುದು ತಪ್ಪು. ಒಪ್ಪಿದೆ. ಆದರೆ ‘ತಿದ್ದಬೇಡಿ’ ಅನ್ನುವುದಕ್ಕೂ ‘ತೆಗೆಯಲೂಬೇಡಿ’ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೆಯದು ಲೇಖಕರ ಗೌರವ ಕಾಪಾಡುತ್ತದೆ. ಎರಡನೆಯದು ಕೀಲಿಮಣೆಯ ಶಾರ್ಟ್‌ಕಟ್ ಕಲಿಸಲು ಹೊರಟವರ ಕೈಗೆ ಕರಪತ್ರವನ್ನೂ ಕೊಟ್ಟು ಕಳಿಸುತ್ತದೆ. ಆ ಕರಪತ್ರದ ಮಾತು ನನಗೆ ಇಷ್ಟವೇ. ಕಡ್ಡಾಯ ಮಾಡಿದ್ದು ಇಷ್ಟವಿಲ್ಲ.

ಡೆಬಿಯನ್ ಸಮುದಾಯಕ್ಕೂ ಇದು ನುಂಗಲಾರದ ತುತ್ತಾಯಿತು. 2006ರ ಮಾರ್ಚ್‌ನಲ್ಲಿ ಅವರ ಮತದಾನದ ತೀರ್ಪು ಬಂತು: ತಿದ್ದಲಾಗದ ಭಾಗಗಳಿಲ್ಲದ ಜಿಎಫ್‌ಡಿಎಲ್ ಬರಹ ಮುಕ್ತ, ಇರುವಂಥದ್ದು ಅಲ್ಲ. ಪರಿಣಾಮ ಏನಂದ್ರೆ, ಜಿಸಿಸಿ ಕಂಪೈಲರ್ ಡೆಬಿಯನ್ನಿನ ಮುಖ್ಯ ಭಂಡಾರದಲ್ಲಿ ಕೂತಿತು, ಅದರ ಕೈಪಿಡಿ ‘ನಾನ್-ಫ್ರೀ’ ಭಂಡಾರಕ್ಕೆ ಹೋಯಿತು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸಂಸ್ಥೆಯ ಪುಸ್ತಕವೇ ಸ್ವತಂತ್ರವಲ್ಲದವುಗಳ ಸಾಲಿನಲ್ಲಿ.

ಇನ್ನೊಂದು ಕತೆ ನಮಗೂ ಹತ್ತಿರದ್ದು. ವಿಕಿಪೀಡಿಯ ಶುರುವಾದದ್ದು ಇದೇ ಜಿಎಫ್‌ಡಿಎಲ್ ಅಡಿಯಲ್ಲಿ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯವೂ ಹಾಗೇ. ಅಕ್ಷರಶಃ ಪಾಲಿಸಿದರೆ ಎರಡು ಪುಟದ ಲೇಖನ ಜೆರಾಕ್ಸ್ ಮಾಡಿ ಹಂಚೋಕೂ ಜೊತೆಗೆ ಅಷ್ಟುದ್ದದ ಲೈಸೆನ್ಸ್ ಲಗತ್ತಿಸಬೇಕಿತ್ತು. ಕೊನೆಗೆ 2008ರ ನವೆಂಬರಿನಲ್ಲಿ ಬಂದ 1.3ನೇ ಆವೃತ್ತಿಯಲ್ಲಿ ಇಂಥ ತಾಣಗಳಿಗೆಂದೇ ಒಂದು ಕಿಟಕಿ ತೆರೆದರು: 2009ರ ಆಗಸ್ಟ್ 1ರೊಳಗೆ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎಗೆ ದಾಟಿಕೊಳ್ಳಬಹುದು. ಮತ ಹಾಕಿದ ಸುಮಾರು 17 ಸಾವಿರ ಜನರಲ್ಲಿ ಮುಕ್ಕಾಲು ಭಾಗ ಹೂಂ ಅಂದರು, ಜೂನ್‌ನಲ್ಲಿ ವಿಕಿಪೀಡಿಯ ದಾಟಿತು. ಅಷ್ಟು ದೊಡ್ಡ ತಾಣ ಅಂತ ಅವರಿಗಾಗಿ ಲೈಸೆನ್ಸನ್ನೇ ತಿದ್ದಿದರು. ನಿಮ್ಮ ಪ್ರಾಜೆಕ್ಟಿಗೆ ಆ ಭಾಗ್ಯ ಇಲ್ಲ. ನಲವತ್ತು ಜನ ಬರೆದ ಕೈಪಿಡಿಯ ಲೈಸೆನ್ಸ್ ಬದಲಿಸಬೇಕಂದ್ರೆ ನಲವತ್ತು ಜನರನ್ನೂ ಹುಡುಕಿ ಒಪ್ಪಿಸಬೇಕು.

‘ಸರಿ, ಹಾಗಾದ್ರೆ ಕ್ರಿಯೇಟಿವ್ ಕಾಮನ್ಸ್ ಹಾಕಿಬಿಡೋಣ’ ಅಂತೀರಾ? ನಿಲ್ಲಿ. ಅದು ಒಂದು ಲೈಸೆನ್ಸ್ ಅಲ್ಲ, ಒಂದು ಕುಟುಂಬ. ಅದರಲ್ಲಿ ಎನ್‌ಡಿ ಅಂತ ಬಾಲ ಇದ್ದರೆ ಮೂಲವನ್ನು ಬದಲಿಸಿ ಹಂಚುವ ಹಾಗಿಲ್ಲ, ಅನುವಾದವೂ ಬದಲಾವಣೆಯೇ. ಎನ್‌ಡಿ ಹಾಕಿದ ಕೈಪಿಡಿಯ ಕನ್ನಡ ಅನುವಾದ ನಿಮ್ಮ ಲ್ಯಾಪ್‌ಟಾಪಿನಲ್ಲೇ ಉಳಿಯಬೇಕು. ಎನ್‌ಸಿ ಇದ್ದರೆ ವಾಣಿಜ್ಯ ಬಳಕೆ ಇಲ್ಲ. ಫೀಸು ಪಡೆದು ಲಿನಕ್ಸ್ ಕಲಿಸುವ ಸಣ್ಣ ಇನ್‌ಸ್ಟಿಟ್ಯೂಟು, ಬೆಲೆ ಇಟ್ಟು ಮಾರುವ ಪತ್ರಿಕೆ, ಇವರೆಲ್ಲ ಹಿಂಜರಿಯುತ್ತಾರೆ. ದೊಡ್ಡ ಕಂಪನಿ ದುಡ್ಡು ಮಾಡ್ಕೊಳ್ಳುತ್ತೆ ಅನ್ನುವ ಭಯದಲ್ಲಿ ಹಾಕುವ ಎನ್‌ಸಿ ಕೊನೆಗೆ ತಡೆಯುವುದು ಸಣ್ಣವರನ್ನೇ. ದೊಡ್ಡ ಕಂಪನಿ ತನ್ನದೇ ಕೈಪಿಡಿ ಬರೆಸಿಕೊಳ್ಳುತ್ತೆ ಬಿಡಿ.

ಕೈಪಿಡಿಯೊಳಗೆ ಕೋಡ್ ಕೂಡ ಇರುತ್ತೆ ಅನ್ನುವುದನ್ನು ಎಷ್ಟೋ ಜನ ಮರೀತಾರೆ. ಉದಾಹರಣೆಯ ಕೋಡನ್ನು ಓದುಗರು ತಮ್ಮ ಪ್ರೋಗ್ರಾಮಿಗೆ ಕಾಪಿ ಮಾಡಿಕೊಳ್ಳಲಿ ಅಂತಲೇ ಕೊಟ್ಟಿರುತ್ತೇವೆ. ಅದಕ್ಕೂ ಬಿವೈ-ಎಸ್ಎ ಅಂಟಿಕೊಂಡರೆ ಆಫೀಸಿನ ಕೋಡಿನಲ್ಲಿ ಅದನ್ನು ಬಳಸುವವರಿಗೆ ತಲೆನೋವು. ಮೊಝಿಲ್ಲಾದ ಎಂಡಿಎನ್ ಇದನ್ನು ಚೆನ್ನಾಗಿ ಬಿಡಿಸಿದೆ: ವಿವರಣೆಗೆ ಬಿವೈ-ಎಸ್ಎ, 2010ರ ಆಗಸ್ಟ್ ನಂತರ ಸೇರಿಸಿದ ಕೋಡ್ ಉದಾಹರಣೆಗಳಿಗೆ ಯಾವ ಷರತ್ತೂ ಇಲ್ಲದ ಸಿಸಿ-ಝೀರೊ. ಪೈಥಾನ್ ಕೂಡ ತನ್ನ ಕೈಪಿಡಿಯ ಉದಾಹರಣೆಗಳನ್ನು ಬೇರೆಯಾಗಿ ಸಡಿಲ ಲೈಸೆನ್ಸಿನಡಿ ಕೊಡುತ್ತದೆ.

ಹಾಗಾದರೆ ಏನು ಮಾಡಬೇಕು? ಪ್ರಾಜೆಕ್ಟ್ ಚಿಕ್ಕದಾದರೆ ಕೋಡಿನ ಲೈಸೆನ್ಸೇ ಕೈಪಿಡಿಗೂ ಸಾಕು. ಎಂಐಟಿ ಲೈಸೆನ್ಸಿನ ಪಠ್ಯದಲ್ಲೇ ಜೊತೆಗಿರುವ ಡಾಕ್ಯುಮೆಂಟೇಶನ್ನಿನ ಮಾತು ಬರುತ್ತದೆ, ಅಪಾಚೆಯೂ ಅದನ್ನು ಒಳಗೊಂಡಿದೆ. ಬರಹ ಕೋಡಿನ ಕಮೆಂಟಿಗೂ, ಕಮೆಂಟು ಬರಹಕ್ಕೂ ಸಲೀಸಾಗಿ ಓಡಾಡುತ್ತೆ. ಕೈಪಿಡಿ ಪುಸ್ತಕದಷ್ಟು ಬೆಳೆದು ತಾನೇ ಓಡಾಡುವ ಹಾಗಿದ್ದರೆ ಬಿವೈ-ಎಸ್ಎ 4.0 ಹಾಕಿ, ಕೋಡ್ ಉದಾಹರಣೆಗಳನ್ನು ಬೇರೆ ಮಾಡಿ. 2015ರಿಂದ ಈ 4.0 ಬರಹವನ್ನು ಜಿಪಿಎಲ್ 3ನೇ ಆವೃತ್ತಿಯ ಪ್ರಾಜೆಕ್ಟಿಗೆ ತೆಗೆದುಕೊಂಡು ಹೋಗಲೂ ದಾರಿ ಇದೆ, ವಾಪಸ್ ಬರಲು ಮಾತ್ರ ಇಲ್ಲ. ಜಿಎಫ್‌ಡಿಎಲ್ ಬಿಡಲಾರದವರು ತಿದ್ದಬಾರದ ಭಾಗ ಯಾವುದೂ ಇಲ್ಲ, ಮುಖಪುಟದ ಬರಹ ಇಲ್ಲ ಅಂತ ಸ್ಪಷ್ಟವಾಗಿ ಬರೆಯಲಿ. ಯಾವುದೇ ಆಗಲಿ, ಮೊದಲ ಪುಟದಲ್ಲೇ ಕಾಣುವ ಹಾಗೆ ಹಾಕಿ. ಚಿತ್ರಗಳಿಗೂ ಅದೇ ಅನ್ವಯವೋ ಇಲ್ಲವೋ ಅನ್ನುವುದನ್ನೂ ಹೇಳಿ.

ಕನ್ನಡಕ್ಕೆ ಕೈಪಿಡಿ ತರುವವರು ಬಹುಪಾಲು ಆಫೀಸು ಮುಗಿಸಿ ಬಂದು ರಾತ್ರಿ ಕೂತು ಕೆಲಸ ಮಾಡುವವರು. ಅವರ ಹಿಂದೆ ಕಂಪನಿಯ ವಕೀಲರಿಲ್ಲ. ಲೈಸೆನ್ಸ್ ಅರ್ಥ ಆಗದಿದ್ದರೆ ಅವರು ಕೇಸು ಹಾಕಲ್ಲ, ದೂರು ಬರೆಯಲ್ಲ, ಟ್ಯಾಬ್ ಮುಚ್ಚಿ ಮಲಗ್ತಾರೆ. ಕೈಪಿಡಿ ಬರೆದವರಿಗೆ ಅದು ಗೊತ್ತೂ ಆಗುವುದಿಲ್ಲ.